ನಿವೃತ್ತಿಯ ನಂತರ ಬರುವ ತೆರಿಗೆ ಪತ್ರ, ಖಾತೆಗೆ ಬೀಳುವ ಹಣ: ಮೊದಲು ಏನು ನೋಡಬೇಕು?

ನಂಜನಗೂಡು ಹಾಗೂ ತಿ. ನರಸೀಪುರದ ಕಡೆ ನಿವೃತ್ತರೆಂದರೆ ಒಂದೇ ಬಗೆಯವರಲ್ಲ. ಸರಕಾರಿ ಮತ್ತು ಅನುದಾನಿತ ಶಾಲೆಗಳ ಶಿಕ್ಷಕರಿದ್ದಾರೆ, ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ದುಡಿದವರಿದ್ದಾರೆ, ಮೈಸೂರು ರೇಷ್ಮೆ ಸೀರೆಗೆ ನೂಲು ಒದಗಿಸುವ ನರಸೀಪುರದ ಫಿಲೇಚರ್‌ನಲ್ಲಿ ಆಯುಷ್ಯ ಸವೆಸಿದವರಿದ್ದಾರೆ. ಇಂಥವರ ಮನೆಗೆ ಹೋದಾಗ ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ಹೊರಬರುತ್ತದೆ. "ಇದು ಯಾಕೆ ಬಂತು? ದುಡ್ಡು ಕಟ್ಟಬೇಕಾ?" ಎಂಬುದೇ ನಾವು ಕೇಳುವ ಮೊದಲ ಪ್ರಶ್ನೆ.

ಉತ್ತರ ಹುಡುಕುವ ಮೊದಲು ಪಿಂಚಣಿ ಕೊಡುವವರು ಯಾರೆಂದು ತಿಳಿಯಬೇಕು. ಸರಕಾರಿ ಪಿಂಚಣಿಯ ವಿಷಯ ಖಜಾನೆಗೆ ಸೇರಿದ್ದು. ಕಾರ್ಖಾನೆಯವರದು 1995ರ ನೌಕರರ ಪಿಂಚಣಿ ಯೋಜನೆ; ಅದನ್ನು ನೋಡಿಕೊಳ್ಳುವುದು ಭವಿಷ್ಯನಿಧಿ ಕಚೇರಿ. ಖಜಾನೆಯ ಪ್ರಶ್ನೆಯನ್ನು ಪಿ.ಎಫ್. ಕಚೇರಿಯಲ್ಲಿ ಕೇಳಿ ಮೈಸೂರಿನ ಬಸ್ ಚಾರ್ಜು ಕಳೆದುಕೊಂಡವರು ಕಡಿಮೆಯಿಲ್ಲ.

ಹೆಚ್ಚು ಗಾಬರಿ ಹುಟ್ಟಿಸುವ ಕಾಗದ ನಮೂನೆ 16. 'ನಾನು ಕೆಲಸ ಬಿಟ್ಟು ವರ್ಷಗಳಾದವು, ಸಂಬಳದ ಪತ್ರ ಯಾಕೆ?' ಎನ್ನುತ್ತಾರೆ. ತೆರಿಗೆಯ ಲೆಕ್ಕದಲ್ಲಿ ಪಿಂಚಣಿಯೂ ಸಂಬಳವೇ. ಈ ಕಾಗದ ಹಣ ಕೇಳುವ ನೋಟೀಸಲ್ಲ, ಈಗಾಗಲೇ ಮುರಿದುಕೊಂಡ ತೆರಿಗೆಯ ರಶೀದಿ ಇದ್ದಂತೆ. ತೆರಿಗೆ ಬಾಕಿ ಇಲ್ಲದಿದ್ದರೆ ರಿಟರ್ನ್ ಸಲ್ಲಿಸಿ ಆ ಹಣ ವಾಪಸು ಪಡೆಯಬಹುದು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026 ಏಪ್ರಿಲ್ 1ರಿಂದ ಜಾರಿಯಾಗಿರುವುದರಿಂದ, ನಮೂನೆಯ ಸಂಖ್ಯೆ ಹೇಳುವ ಬದಲು 'ಪಿಂಚಣಿಯಲ್ಲಿ ಮುರಿದ ತೆರಿಗೆಯ ಪ್ರಮಾಣಪತ್ರ' ಎಂದೇ ಕೇಳುವುದು ಒಳ್ಳೆಯದು.

ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿಯ ಲೆಕ್ಕ ಬೇರೆ. ಅದು ಸಂಬಳವಲ್ಲ, ಇತರ ಆದಾಯ. ಹೊಸ ತೆರಿಗೆ ಪದ್ಧತಿಯಲ್ಲಿ ಅದರ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟಕ್ಕೆ ವಿನಾಯಿತಿ ಇದೆ. ಗಂಡನ ಹಳೆಯ ರಿಟರ್ನ್ ನೋಡಿ ಅದೇ ರೀತಿ ತುಂಬಿಸಿದರೆ ತಪ್ಪಾಗುತ್ತದೆ.

ಇನ್ನೊಂದು ಪತ್ರ, 'ನಿಮ್ಮ ಆದಾಯ ತಾಳೆಯಾಗುತ್ತಿಲ್ಲ' ಎನ್ನುವಂಥದ್ದು. ಪಿಂಚಣಿ ಒಂದು ಕಡೆಯಿಂದ, ಠೇವಣಿಯ ಬಡ್ಡಿ ಇನ್ನೊಂದು ಬ್ಯಾಂಕಿನಿಂದ ಬಂದಾಗ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಆದರೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಎರಡೂ ಇರುತ್ತವೆ. ರಿಟರ್ನ್ ತುಂಬುವ ಮೊದಲು ಆ ಪಟ್ಟಿ ತೆಗೆಸಿ ನೋಡಿ.

ಇನ್ನು ಅನಿರೀಕ್ಷಿತ ಹಣ. ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಲು ಮರೆತು ಪಿಂಚಣಿ ನಿಂತಿದ್ದರೆ, ಕೊಟ್ಟ ಮೇಲೆ ಬಾಕಿ ಒಟ್ಟಿಗೆ ಬರುತ್ತದೆ. ಪಿ.ಎಫ್. ಪಿಂಚಣಿದಾರರಿಗೆ ನವೆಂಬರಿನ ಕಟ್ಟುಪಾಡಿಲ್ಲ, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ರಾಜ್ಯ ಸರಕಾರದ ಪಿಂಚಣಿ 7ನೇ ವೇತನ ಆಯೋಗದಿಂದಾಗಿ 2024 ಆಗಸ್ಟ್ 1ರಿಂದ ಏರಿತು. ಹಿಂದಿನ ವರ್ಷಗಳ ಬಾಕಿ ಒಂದೇ ವರ್ಷ ಸೇರಿ ತೆರಿಗೆ ಏರಿದರೆ ಪರಿಹಾರ ಕೇಳುವ ಹಕ್ಕಿದೆ. ಆದರೆ ಅದರ ಅರ್ಜಿಯನ್ನು ರಿಟರ್ನ್‌ಗೆ ಮೊದಲೇ ಸಲ್ಲಿಸಬೇಕು.

ಕಾರಣವೇ ತಿಳಿಯದ ಹಣ ಬಂದರೆ ಖರ್ಚು ಮಾಡದೆ ಲಿಖಿತವಾಗಿ ವಿಚಾರಿಸಬೇಕು. ಹಾಗೆಂದು ವಸೂಲಿಯ ಪತ್ರ ಬಂದೊಡನೆ ಸಾಲ ಮಾಡಿ ಕಟ್ಟಬೇಕಾಗಿಯೂ ಇಲ್ಲ. ಸರಕಾರಿ ನೌಕರರಿಗೆ ಇಲಾಖೆಯ ತಪ್ಪಿನಿಂದ ಹೆಚ್ಚಿಗೆ ಸಂದ ಹಣವನ್ನು ನಿವೃತ್ತರಿಂದ ವಸೂಲು ಮಾಡಬಾರದೆಂದು ಸುಪ್ರೀಂ ಕೋರ್ಟು 2014ರ ರಫೀಕ್ ಮಸೀಹ್ ಪ್ರಕರಣದಲ್ಲಿ ಹೇಳಿತು. ಕೇರಳದ ನಿವೃತ್ತ ಶಿಕ್ಷಕ ಥಾಮಸ್ ಡೇನಿಯಲ್ ಅವರಿಗೂ 2022ರಲ್ಲಿ ಅದೇ ನ್ಯಾಯ ದೊರೆಯಿತು. 'ಹೆಚ್ಚಿಗೆ ಬಂದರೆ ಮರಳಿಸುತ್ತೇನೆ' ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದವರ ವಿಷಯದಲ್ಲಿ ಮಾತ್ರ 2016ರಲ್ಲಿ ಅದೇ ಕೋರ್ಟು ಬೇರೆ ತೀರ್ಪು ಕೊಟ್ಟಿದೆ. ಹಾಗಾಗಿ ಹಿಂದೆ ಏನಕ್ಕೆ ಸಹಿ ಹಾಕಿದ್ದೀರಿ ಎಂದು ನೋಡಿಕೊಳ್ಳಿ.

ಧರ್ಮಭಗಿನಿಯರೂ ಧರ್ಮಗುರುಗಳೂ ಗಮನಿಸಬೇಕಾದ ಮಾತೊಂದಿದೆ. ಅನುದಾನಿತ ಶಾಲೆಗಳಲ್ಲಿ ಕಲಿಸುವ ಅವರ ಸಂಬಳ ಪೂರ್ತಿಯಾಗಿ ಸಂಸ್ಥೆಗೆ ಹೋದರೂ ಮೂಲದಲ್ಲೇ ತೆರಿಗೆ ಮುರಿಯಬೇಕೆಂಬುದು 2024 ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿದೆ. ಬಡತನದ ವ್ರತದ ಮಾತು ಅಲ್ಲಿ ನಡೆಯಲಿಲ್ಲ.

ಪತ್ರ ಬರೆಯುವಾಗ ಪಿಂಚಣಿ ಆದೇಶದ ಸಂಖ್ಯೆ, ಹಣ ಜಮೆಯಾದ ದಿನಾಂಕ, ಪಾಸ್‌ಬುಕ್ಕಿನ ಆ ಪುಟದ ಜೆರಾಕ್ಸ್ ಇರಲಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳಿ. 'ಪಿಂಚಣಿ ನಿಲ್ಲುತ್ತದೆ' ಎಂದು ಹೆದರಿಸಿ ಫೋನಿನಲ್ಲಿ ಓಟಿಪಿ ಕೇಳುವವರಿಗೆ ಮಾತ್ರ ಉತ್ತರಿಸದೆ ಫೋನ್ ಇಟ್ಟುಬಿಡಿ.