ಗಂಟಲಿಗೆ ತಿಳಿಯದ ನಿಕೋಟಿನ್

ಹುಣಸೂರು ಸೀಮೆಯಲ್ಲಿ ಹುಟ್ಟಿದ ನಮಗೆ ನಿಕೋಟಿನ್‌ನ ಮೊದಲ ಪರಿಚಯ ಸಿಗರೇಟಿನಿಂದ ಆದದ್ದಲ್ಲ, ಸೊಪ್ಪಿನಿಂದ ಆದದ್ದು. ಆಷಾಢದ ಜಿಟಿಜಿಟಿ ಮಳೆಯಲ್ಲಿ ನೆಂದ ಹೊಗೆಸೊಪ್ಪನ್ನು ಮುರಿದು, ಕಂಕುಳಿಗೆ ಒತ್ತಿಕೊಂಡು ಹೊರುತ್ತಿದ್ದ ಅವ್ವ, ಹೊತ್ತು ಏರುವಷ್ಟರಲ್ಲಿ ಬದುವಿನ ಮೇಲೆ ಕುಸಿದು ಕೂರುತ್ತಿದ್ದಳು. ತಲೆ ಗಿರ್ರನೆ ಸುತ್ತುವುದು, ಬಾಯಲ್ಲಿ ನೀರೂರುವುದು, ಆಮೇಲೆ ವಾಂತಿ. ಬರಿಹೊಟ್ಟೆಯಲ್ಲಿ ಕೆಲಸಕ್ಕಿಳಿದರೆ ಹೀಗಾಗುತ್ತದೆ ಎಂದು ಮನೆಯವರೆಲ್ಲ ನಂಬಿದ್ದೆವು. ಎಲೆಯ ಮೇಲಿನ ನೀರಿನಲ್ಲಿ ಕರಗಿದ ನಿಕೋಟಿನ್ ಒದ್ದೆ ಸೀರೆಯ ಮೂಲಕ ಚರ್ಮಕ್ಕಿಳಿದು ರಕ್ತ ಸೇರುತ್ತಿತ್ತು ಎಂಬುದು ನಾನು ರಸಾಯನಶಾಸ್ತ್ರ ಓದಿದ ಮೇಲೆ ಗೊತ್ತಾಯಿತು. ಅವ್ವ ಜೀವನದಲ್ಲಿ ಒಂದು ದಿನವೂ ಬೀಡಿ ಮುಟ್ಟಿದವಳಲ್ಲ.

ನಿಕೋಟಿನ್ ಗಿಡದ ವಿಷ. ತನ್ನನ್ನು ತಿನ್ನಲು ಬರುವ ಹುಳುಗಳನ್ನು ದೂರವಿಡಲು ಗಿಡ ಅದನ್ನು ಬೇರಿನಲ್ಲಿ ತಯಾರಿಸಿ ಎಲೆಗೆ ಸಾಗಿಸುತ್ತದೆ. ಮೊದಲ ಸಲ ಸೇದಿದವರ ಗಂಟಲು ಉರಿಯುವುದು, ಕೆಮ್ಮು ಬರುವುದು, ಹೊಟ್ಟೆ ತೊಳಸುವುದು, ಇವೆಲ್ಲ ಮೈ ಆ ವಿಷವನ್ನು ಗುರುತು ಹಿಡಿದದ್ದರ ಲಕ್ಷಣ. ಎಷ್ಟೋ ಹುಡುಗರು ಒಂದು ಸಿಗರೇಟಿಗೇ ಸಾಕಪ್ಪಾ ಎಂದು ಬಿಟ್ಟದ್ದು ಉಪದೇಶ ಕೇಳಿ ಅಲ್ಲ, ಆ ಗಂಟಲುರಿಯಿಂದ. ವೇಪ್ ಎಂಬ ಸಾಧನ ಆ ಉರಿಯನ್ನೇ ತೆಗೆದುಹಾಕಿದೆ. ನನ್ನ ಆತಂಕವೆಲ್ಲ ಇರುವುದು ಇಲ್ಲಿ.

ಹೋದ ದೀಪಾವಳಿಗೆ ತಂಗಿಯ ಮನೆಗೆ ಹೋಗಿದ್ದಾಗ ಅವಳ ಮಗನ ಬ್ಯಾಗಿನಿಂದ ಅಂಥದೊಂದು ವೇಪ್ ಜಾರಿ ಬಿತ್ತು. ಹುಡುಗ ಬೆಂಗಳೂರಿನ ಪಿಜಿಯಲ್ಲಿದ್ದು ಎಂಜಿನಿಯರಿಂಗ್ ಓದುತ್ತಾನೆ. ಬೆರಳುದ್ದ, ತಿಳಿಗುಲಾಬಿ ಬಣ್ಣ, ತುದಿಯಲ್ಲಿ ಪುಟ್ಟ ದೀಪ. ಪುಸ್ತಕದಲ್ಲಿ ಗೆರೆ ಎಳೆಯುವ ಹೈಲೈಟರ್ ಇರಬೇಕೆಂದು ಎತ್ತಿ ಕೊಡಲು ಹೋದೆ. ಮೂಗಿಗೆ ಮಾವಿನಹಣ್ಣಿನ ವಾಸನೆ ಬಡಿಯಿತು. "ಮಾವ, ಇದು ಸಿಗರೇಟಲ್ಲ. ಹೊಗೇನೇ ಇಲ್ಲ, ಬರೀ ಆವಿ," ಎಂದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಕವಚದ ಹಿಂಬದಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 5% ಎಂದು ಬರೆದಿತ್ತು. ಆ ಅಂಕಿಯ ಅರ್ಥವೇನೆಂದು ಅವನಿಗೆ ಗೊತ್ತಿರಲಿಲ್ಲ.

ಅದನ್ನು ಬಿಡಿಸಿ ಹೇಳಬೇಕಾದರೆ ನಮ್ಮೂರಿನ ಜಗಲಿಗೇ ಬರಬೇಕು. ಹೊಗೆಸೊಪ್ಪು ಹಾಕುವ ಅಜ್ಜಂದಿರು ಅಂಗೈಯಲ್ಲಿ ಸೊಪ್ಪಿಟ್ಟು, ಉಗುರಿನ ತುದಿಯಷ್ಟು ಸುಣ್ಣ ಸೇರಿಸಿ, ಹೆಬ್ಬೆರಳಿನಲ್ಲಿ ಚೆನ್ನಾಗಿ ತಿಕ್ಕಿ ತುಟಿಯೊಳಗೆ ಇಡುತ್ತಾರೆ. ಸುಣ್ಣ ಯಾಕೆ ಎಂದು ಕೇಳಿದರೆ "ಇಲ್ದಿದ್ರೆ ಪಟ್ಟು ಹಿಡಿಯಲ್ಲ" ಎನ್ನುತ್ತಾರೆ. ಅವರ ಮಾತು ರಸಾಯನಶಾಸ್ತ್ರಕ್ಕೆ ಪಕ್ಕಾ ಹೊಂದುತ್ತದೆ. ಎಲೆಯಲ್ಲಿರುವ ನಿಕೋಟಿನ್ ಆಮ್ಲದೊಂದಿಗೆ ಕೂಡಿಕೊಂಡು ಲವಣವಾಗಿರುತ್ತದೆ. ಸುಣ್ಣದಂಥ ಕ್ಷಾರ ತಗುಲಿದಾಗ ಆ ಜೋಡಿ ಕಳಚಿ, ನಿಕೋಟಿನ್ ಬಿಡಿಯಾಗಿ, ಬಾಯ ಒಳಪದರವನ್ನು ಸರಾಗವಾಗಿ ದಾಟುತ್ತದೆ. ಬಿಡಿ ನಿಕೋಟಿನ್ನೇ ಖಾರ. ಗಂಟಲನ್ನು ಸುಡುವುದು ಅದೇ. ಸುರುಟು ಸೇದುವವರು ಹೊಗೆಯನ್ನು ಎದೆಗೆ ಇಳಿಸದೆ ಬಾಯಲ್ಲೇ ಆಡಿಸುವುದು ಈ ಕಾರಣಕ್ಕೆ. ಆ ಹೊಗೆ ಕ್ಷಾರೀಯ.

ಸಿಗರೇಟಿನದು ಇದಕ್ಕೆ ತದ್ವಿರುದ್ಧ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಬೆಳೆಯುವ ವರ್ಜೀನಿಯಾ ಸೊಪ್ಪನ್ನು, ಅದನ್ನು ಒಣಗಿಸುವ ಕೋಣೆಯಾದ ಬ್ಯಾರನ್‌ನಲ್ಲಿ ಗಳುಗಳಿಗೆ ನೇತುಹಾಕಿ ಐದಾರು ದಿನ ಬೇಯಿಸುತ್ತೇವೆ. ಮೊದಲ ಹಂತದಲ್ಲಿ ಶಾಖ ಹದವಾಗಿರಬೇಕು. ಹಸಿರೆಲೆ ಹಳದಿಗೆ ತಿರುಗುವ ಆ ಹೊತ್ತಿನಲ್ಲಿ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಶಾಖ ಏರಿಸಿ ಒಣಗಿಸಿದರೆ ಆ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಅಪ್ಪ ರಾತ್ರಿ ಎರಡಕ್ಕೆ ಎದ್ದು ಬಂದು, ಬ್ಯಾರನ್‌ನ ಕಿಂಡಿಯಿಂದ ಬ್ಯಾಟರಿ ಬಿಟ್ಟು ಬಣ್ಣ ನೋಡಿ, ಇನ್ನೆರಡು ಸೌದೆ ಒಲೆಗೆ ತಳ್ಳುತ್ತಿದ್ದದ್ದು ಈ ಸಕ್ಕರೆಯನ್ನು ಕಾಯಲು. ಸಕ್ಕರೆಯುಳ್ಳ ಎಲೆ ಉರಿದಾಗ ಹೊಗೆ ತುಸು ಆಮ್ಲೀಯವಾಗುತ್ತದೆ, ನಿಕೋಟಿನ್ ಲವಣದ ರೂಪದಲ್ಲೇ ಉಳಿದು ಗಂಟಲಿಗೆ ಮೆತ್ತಗಾಗುತ್ತದೆ. ಮೆತ್ತಗಾದ ಹೊಗೆಯನ್ನು ಪುಪ್ಪುಸದ ಆಳಕ್ಕೆ ಎಳೆಯಬಹುದು. ಅಲ್ಲಿಂದ ಮಿದುಳಿಗೆ 10ರಿಂದ 20 ಸೆಕೆಂಡಿನ ಹಾದಿ. ನಮ್ಮ ಮನೆಯ ಅನ್ನ ಬಂದದ್ದು ಈ ಎಲೆಯಿಂದಲೇ ಎಂಬುದನ್ನು ಮರೆತು ನಾನು ಇದನ್ನು ಬರೆಯುತ್ತಿಲ್ಲ.

ಹೊಗೆಯನ್ನು ಹೀಗೆ ಮೆತ್ತಗೆ ಮಾಡಿದ್ದರ ಬೆಲೆ ಏನೆಂದು ಚರಿತ್ರೆಯಲ್ಲಿದೆ. ಸಿಗರೇಟು ಸುತ್ತುವ ಯಂತ್ರಕ್ಕೆ ಅಮೆರಿಕದ ಜೇಮ್ಸ್ ಬಾನ್‌ಸ್ಯಾಕ್ ಪೇಟೆಂಟ್ ಪಡೆದದ್ದು 1881ರಲ್ಲಿ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಅಂಕಿಗಳ ಸಮೇತ ಮುಂದಿಟ್ಟದ್ದು 1950ರಲ್ಲಿ. ನಡುವೆ ಸುಮಾರು ಎಪ್ಪತ್ತು ವರ್ಷ.

ಚೀನಾದ ಔಷಧತಜ್ಞ ಹಾನ್ ಲಿಕ್ 2003ರ ಸುಮಾರಿಗೆ ಇಂದಿನ ಇ-ಸಿಗರೇಟಿನ, ಅಂದರೆ ವೇಪ್‌ನ, ಮೂಲರೂಪ ಸಿದ್ಧಪಡಿಸಿದಾಗ ಅದರಲ್ಲಿ ಇದ್ದದ್ದು ಬಿಡಿ ನಿಕೋಟಿನ್. ಪ್ರಮಾಣ ಏರಿಸಿದರೆ ಗಂಟಲು ಉರಿ, ಇಳಿಸಿದರೆ ಸೇದುವವರಿಗೆ ಸಪ್ಪೆ. ಆ ಮೊದಲ ತಲೆಮಾರಿನ ಸಾಧನಗಳನ್ನು ಪರೀಕ್ಷಿಸಿದಾಗ ರಕ್ತಕ್ಕೆ ಸೇರುತ್ತಿದ್ದ ನಿಕೋಟಿನ್ ತೀರಾ ಅಲ್ಪವೆಂದು ಕಂಡಿತ್ತು. ಸಿಗರೇಟು ಬಿಟ್ಟು ಅದಕ್ಕೆ ಬಂದವರು ಮತ್ತೆ ಸಿಗರೇಟಿಗೆ ಮರಳಿದ್ದರೆ ಆಶ್ಚರ್ಯವಿಲ್ಲ. 2015ರ ಜೂನ್‌ನಲ್ಲಿ ಅಮೆರಿಕದ ಮಾರುಕಟ್ಟೆಗೆ ಜೂಲ್ ಎಂಬ ವೇಪ್ ಬಂತು. ಅದರಲ್ಲಿ ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಬೆರೆಸಿದ್ದರು. ಸ್ಕ್ವಾಷ್, ಉಪ್ಪಿನಕಾಯಿ ಕೆಡದಂತೆ ಹಾಕುವ ಬೆಂಜೋಯೇಟ್ ಇದೆಯಲ್ಲ, ಅದರ ಮೂಲ ಆಮ್ಲ ಇದು. ನಮ್ಮ ಬ್ಯಾರನ್‌ನಲ್ಲಿ ಸಕ್ಕರೆ ಮಾಡುವ ಕೆಲಸವನ್ನು ಇಲ್ಲಿ ಈ ಹುಳಿ ಮಾಡಿತು, ಇನ್ನೂ ಚೆನ್ನಾಗಿ ಮಾಡಿತು. ಒಂದು ಮಿಲಿಲೀಟರಿನಲ್ಲಿ 59 ಮಿಲಿಗ್ರಾಂ ನಿಕೋಟಿನ್ ಇದ್ದರೂ ಗಂಟಲಿಗೆ ತಿಳಿಯಲಿಲ್ಲ. ಯುರೋಪ್ ಒಕ್ಕೂಟ ಹಾಕಿರುವ ಮಿತಿ 20 ಮಿಲಿಗ್ರಾಂ.

ಇದು ಊಹೆಯ ಮಾತಲ್ಲ. 2021ರಲ್ಲಿ ಅಮೆರಿಕದಲ್ಲಿ 119 ವಯಸ್ಕರ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಯಾವುದು ಯಾವುದೆಂದು ಹೇಳದೆ, ಬಿಡಿ ನಿಕೋಟಿನ್ ಮತ್ತು ಲವಣದ ನಿಕೋಟಿನ್ ಎರಡನ್ನೂ ಸೇದಲು ಕೊಟ್ಟರು. ಲವಣದ್ದು ನಯವಾಗಿದೆ, ಸಿಹಿಯಾಗಿದೆ, ಕಹಿ ಕಡಿಮೆ ಎಂದರು. ನನ್ನನ್ನು ಬೆಚ್ಚಿಬೀಳಿಸಿದ್ದು ಮುಂದಿನ ಸಾಲು: ಆ ನಯದ ವ್ಯತ್ಯಾಸ ಹೆಚ್ಚು ಕಂಡದ್ದು ಎಂದೂ ಸಿಗರೇಟು ಸೇದದವರಲ್ಲಿ. ಪಳಗಿದ ಗಂಟಲಿಗಿಂತ ಹೊಸ ಗಂಟಲಿಗೇ ಇದು ಹೆಚ್ಚು ಒಗ್ಗುತ್ತದೆ. ಮೇಲೆ ಮೆಂಥಾಲ್‌ನಂಥ ತಂಪು ಸೇರಿದರೆ ಉಳಿದಷ್ಟು ಉರಿಯೂ ಮರಗಟ್ಟುತ್ತದೆ.

ಹಾಗಾದರೆ ಸೇದಿದಾಗ ಸಿಗರೇಟು, ವೇಪ್ ಎರಡೂ ಒಂದೇ ತರಹ ಅನಿಸುತ್ತವೆಯೇ? ಅನಿಸುವುದಿಲ್ಲ. ಹಳೆಯ ಸಿಗರೇಟುಗಾರರು ವೇಪ್ ಎಳೆದು "ಎದೆಗೆ ಬಡಿಯಲ್ಲ, ಏನೋ ಸಾಲದು" ಎನ್ನುವುದುಂಟು. ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಅವುಗಳಲ್ಲಿ ಕೆಲವು, ಮಿದುಳಿನಲ್ಲಿ ಡೋಪಮೈನ್‌ನಂಥ ವಸ್ತುಗಳನ್ನು ಕರಗಿಸುವ ಕಿಣ್ವವನ್ನು ತಡೆಹಿಡಿದು, ನಿಕೋಟಿನ್ ಕೊಡುವ ಹಿತವನ್ನು ಹಿಗ್ಗಿಸುತ್ತವೆ. ಬೆಂಕಿಯ ಬಿಸಿ, ವಾಸನೆ, ಕಡ್ಡಿ ಗೀರುವ ಕೈಯ ರೂಢಿ ಬೇರೆ. ಸಿಗರೇಟು ಒಮ್ಮೆಲೇ ಏರಿಸಿ ಇಳಿಸುತ್ತದೆ. ಐದಾರು ನಿಮಿಷ, ಹತ್ತು ಹನ್ನೆರಡು ದಮ್, ಬೆರಳು ಸುಡುವಷ್ಟರಲ್ಲಿ ಮೋಟು ಕೆಳಗೆ. ಇನ್ನೊಂದು ಬೇಕೆಂದರೆ ಇನ್ನೊಂದು ಹಚ್ಚಬೇಕು, ಹೊರಗೆ ಹೋಗಬೇಕು, ಯಾರಾದರೂ ನೋಡಿಯಾರು.

ವೇಪ್‌ಗೆ ಮೋಟಿಲ್ಲ. ಅದು ಮುಗಿಯಿತು ಎಂದು ಹೇಳುವ ಗಳಿಗೆ ಯಾವುದೂ ಇಲ್ಲ. ಹೊದಿಕೆಯೊಳಗೆ ಒಂದು ದಮ್, ಲಿಫ್ಟಿನಲ್ಲಿ ಒಂದು, ಲೈಬ್ರರಿಯ ಕಪಾಟಿನ ಹಿಂದೆ ಎರಡು. ಏರು ಅಷ್ಟು ಚೂಪಾಗಿ ಗೊತ್ತಾಗುವುದಿಲ್ಲ, ಆದರೆ ರಕ್ತದಲ್ಲಿನ ಮಟ್ಟ ಕೆಳಗಿಳಿಯಲು ಬಿಡುವೂ ಇರುವುದಿಲ್ಲ. ರಕ್ತದಲ್ಲಿನ ನಿಕೋಟಿನ್ ಅರ್ಧಕ್ಕೆ ಇಳಿಯಲು ಸುಮಾರು ಎರಡು ಗಂಟೆ ಬೇಕು. ಹತ್ತು ನಿಮಿಷಕ್ಕೊಮ್ಮೆ ಎಳೆಯುವವನ ಮಿದುಳು ಎಚ್ಚರವಿರುವಷ್ಟು ಹೊತ್ತೂ ಅದರಲ್ಲೇ ಅದ್ದಿಕೊಂಡಿರುತ್ತದೆ. "ಆರಾಮ ಅನ್ಸುತ್ತೆ ಮಾವ, ಟೆನ್ಷನ್ ಹೋಗುತ್ತೆ," ಎಂದ ಹುಡುಗ. ಹಿಂದಿನ ದಮ್ಮಿನ ಅಮಲು ಇಳಿದಾಗ ಹುಟ್ಟಿದ ಚಡಪಡಿಕೆಯನ್ನು ಮುಂದಿನ ದಮ್ಮು ತಣಿಸುತ್ತದೆ. ಅದೇ ಅವನು ಹೇಳುವ ಆರಾಮ.

ಈಗ ಆ 5%ರ ಲೆಕ್ಕ. ಒಂದು ಸಿಗರೇಟಿನ ತಂಬಾಕಿನಲ್ಲಿ 10-12 ಮಿಲಿಗ್ರಾಂ ನಿಕೋಟಿನ್ ಇದ್ದರೂ ಸೇದುವವನ ಮೈಗೆ ಸೇರುವುದು 1ರಿಂದ 2 ಮಿಲಿಗ್ರಾಂ. ಜೂಲ್‌ನ 0.7 ಮಿಲಿಲೀಟರ್ ಕೊಳವೆಯಲ್ಲಿ ಸುಮಾರು 40 ಮಿಲಿಗ್ರಾಂ ಇತ್ತು. ಇದು ಒಂದು ಪ್ಯಾಕ್ ಸಿಗರೇಟಿಗೆ ಸಮ ಎಂದು ಕಂಪನಿಯೇ ಹೇಳಿಕೊಂಡಿತ್ತು. ಈಗ ಸಿಗುವ, ಬಳಸಿ ಎಸೆಯುವ ದೊಡ್ಡ ಸಾಧನದಲ್ಲಿ 10 ಮಿಲಿಲೀಟರ್ ದ್ರವ, ಪ್ರತಿ ಮಿಲಿಲೀಟರಿಗೆ 50 ಮಿಲಿಗ್ರಾಂ, ಅಂದರೆ ಆ 5%, ಇದ್ದರೆ ಒಟ್ಟು 500 ಮಿಲಿಗ್ರಾಂ. ಕಂಪನಿಯ ಅದೇ ಅಳತೆ ಹಿಡಿದರೂ ಹನ್ನೆರಡು ಪ್ಯಾಕ್. ಹನ್ನೆರಡು ಪ್ಯಾಕ್ ಸಿಗರೇಟನ್ನು ಅಪ್ಪ ಅಮ್ಮನಿಗೆ ಕಾಣದಂತೆ ಯಾವ ಹುಡುಗನೂ ಬ್ಯಾಗಿನಲ್ಲಿ ಇಟ್ಟುಕೊಳ್ಳಲಾರ.

ವೇಪ್‌ನ ಪರವಾಗಿ ಹೇಳಬೇಕಾದ್ದನ್ನು ಹೇಳದೆ ಹೋದರೆ ಈ ಬರಹಕ್ಕೆ ನ್ಯಾಯವಿರುವುದಿಲ್ಲ. ಅದರಲ್ಲಿ ಟಾರ್ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲ. ಕ್ಯಾನ್ಸರ್ ತರುವ ವಸ್ತುಗಳು ಸಿಗರೇಟಿಗಿಂತ ಬಹಳ ಕಡಿಮೆ. 2019ರಲ್ಲಿ ಬ್ರಿಟನ್ನಿನಲ್ಲಿ ನಡೆದ ಪ್ರಯೋಗವೊಂದರಲ್ಲಿ, ಸಿಗರೇಟು ಬಿಡಲು ವೇಪ್ ಹಿಡಿದವರಲ್ಲಿ 18% ಮಂದಿ ವರ್ಷದ ನಂತರವೂ ಸಿಗರೇಟು ಮುಟ್ಟಿರಲಿಲ್ಲ. ನಿಕೋಟಿನ್ ಪಟ್ಟಿ, ಚೂಯಿಂಗ್ ಗಮ್‌ಗಳನ್ನು ನೆಚ್ಚಿದವರಲ್ಲಿ ಆ ಪ್ರಮಾಣ 9.9%. ಇಪ್ಪತ್ತು ವರ್ಷ ಸೇದಿ ಎದೆ ಹಾಳುಮಾಡಿಕೊಂಡವನಿಗೆ ಈ ಅಂಕಿ ದೊಡ್ಡದು. ಆದರೆ ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನು ಯಾರೂ ಎತ್ತಿ ಆಡುವುದಿಲ್ಲ. ಹಾಗೆ ಸಿಗರೇಟು ಬಿಟ್ಟವರಲ್ಲಿ 80% ಮಂದಿ ವರ್ಷದ ನಂತರವೂ ವೇಪ್ ಎಳೆಯುತ್ತಲೇ ಇದ್ದರು, ಗಮ್ ಮತ್ತು ಪಟ್ಟಿಯ ಗುಂಪಿನಲ್ಲಿ ಅವನ್ನು ಮುಂದುವರಿಸಿದವರು 9%. ಸಿಗರೇಟಿನಿಂದ ಬಂದವನಿಗೇ ಇಷ್ಟು ಗಟ್ಟಿಯಾಗಿ ಅಂಟುವ ವಸ್ತು, ಏನನ್ನೂ ಸೇದದ ಹದಿನಾರರ ಹುಡುಗಿಗೆ ಕೊಡುವ ಲಾಭವಾದರೂ ಏನು?

ಅಮೆರಿಕದಲ್ಲಿ ಆದದ್ದು ಕಣ್ಣ ಮುಂದಿದೆ. ಅಲ್ಲಿನ ಹೈಸ್ಕೂಲು ಮಕ್ಕಳಲ್ಲಿ ವೇಪ್ ಬಳಸುವವರು 2017ರಲ್ಲಿ 11.7%, 2018ರಲ್ಲಿ 20.8%, 2019ರಲ್ಲಿ 27.5%. ಕಾನೂನು ಬಿಗಿಯಾಗಿ, ಪೋಷಕರು ಎಚ್ಚೆತ್ತು, 2024ರ ಹೊತ್ತಿಗೆ ಅದು 7.8%ಕ್ಕೆ ಇಳಿದಿದೆ. ಸಿಗರೇಟು ಸೇದುವ ಮಕ್ಕಳ ಸಂಖ್ಯೆಯೂ ಅಲ್ಲಿ ಹಿಂದೆಂದಿಗಿಂತ ಕಡಿಮೆ. ಅದು ನಿಜಕ್ಕೂ ಸಮಾಧಾನದ ಸಂಗತಿ. ಆದರೆ 2024ರಲ್ಲಿ ವೇಪ್ ಬಳಸುತ್ತಿದ್ದ ಶಾಲಾಮಕ್ಕಳಲ್ಲಿ ನಾಲ್ಕರಲ್ಲಿ ಒಬ್ಬರು ದಿನವೂ ಬಳಸುವವರು. ಕುತೂಹಲಕ್ಕೆ ಎಳೆದವರು ಹೊರಟುಹೋದರು, ಬಿಡಲಾಗದವರು ಉಳಿದುಕೊಂಡರು. ಮುಂದಿನದನ್ನು ವಿಚಾರಿಸಿ ನಿರ್ಧರಿಸುವ, ಮನಸ್ಸಿಗೆ ಲಗಾಮು ಹಾಕುವ ಮಿದುಳಿನ ಮುಂಭಾಗ ಬಲಿಯುವುದು ಇಪ್ಪತ್ತೈದರ ಸುಮಾರಿಗೆ. ಹರೆಯದ ಇಲಿಗಳಿಗೆ ನಿಕೋಟಿನ್ ಕೊಟ್ಟು ನಿಲ್ಲಿಸಿದ ಪ್ರಯೋಗಗಳಲ್ಲಿ, ಅವು ದೊಡ್ಡವಾದ ಮೇಲೂ ಗಮನ ಕುಂದಿದ್ದು ಕಂಡುಬಂದಿದೆ.

ನಮ್ಮಲ್ಲಿ ನಿಷೇಧವಿದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ, ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ನಿಷೇಧ ಬೇಕಾಗಿತ್ತು ಎಂದೇ ನನ್ನ ನಿಲುವು. ಆದರೂ ಆ ತಿಳಿಗುಲಾಬಿ ಕಡ್ಡಿ ತಂಗಿಯ ಮಗನಿಗೆ ಸಿಕ್ಕಿದ್ದು ಫೋನಿನಲ್ಲಿ ಬಂದ ಒಂದು ನಂಬರಿನಿಂದ, ಮುಕ್ಕಾಲು ಗಂಟೆಯಲ್ಲಿ, ಪಿಜಿಯ ಗೇಟಿಗೆ. ಕದ್ದು ಬರುವ ಸರಕಿನ ಮೇಲೆ ಬರೆದದ್ದೇ ಒಳಗಿದೆಯೇ ಎಂದು ನೋಡುವವರು ಯಾರೂ ಇಲ್ಲ. 2019-20ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದು ಪುಪ್ಪುಸ ಕೆಟ್ಟು 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿ, 68 ಮಂದಿ ಸತ್ತರು. ಅದಕ್ಕೆ ಮುಖ್ಯ ಕಾರಣ ನಿಕೋಟಿನ್ ಅಲ್ಲ, ಗಾಂಜಾ ಸತ್ವದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಬಹುಪಾಲು ಆ ಸರಕು ಹೋದದ್ದು ಅಂಗಡಿಯಿಂದಲ್ಲ, ಇಂಥದೇ ಕೈಗಳಿಂದ.

ಮಗುವಿನ ಬಟ್ಟೆಯಲ್ಲಿ ಹೊಗೆಯ ವಾಸನೆ ಹುಡುಕುವ ತಾಯಂದಿರಿಗೆ ಇದು ಸಿಗುವುದಿಲ್ಲ. ನೋಡಬೇಕಾದ್ದು ಬೇರೆ: ಪದೇ ಪದೇ ಬಾತ್‌ರೂಮಿಗೆ ಹೋಗುವುದು, ಊಟದ ನಡುವೆ ಎದ್ದು ಹೋಗುವುದು, ಕಾರಣವಿಲ್ಲದ ಸಿಡುಕು, ನಡುರಾತ್ರಿಯ ಎಚ್ಚರ, ಪೆನ್ನಿನಂಥದ್ದಕ್ಕೆ ಚಾರ್ಜರ್. ನಮ್ಮ ಹುಡುಗನಲ್ಲಿ ಚಟದ ಲಕ್ಷಣ ಕಂಡದ್ದು ಪರೀಕ್ಷೆಯಲ್ಲಿ. ಮೂರು ಗಂಟೆ ಕೂರಲಾರದೆ ಒಂದೂವರೆ ಗಂಟೆಗೇ ಉತ್ತರಪತ್ರಿಕೆ ಕೊಟ್ಟು ಹೊರಬಂದಿದ್ದನಂತೆ. ಇದನ್ನು ಅವನೇ ಹೇಳಿದ, ತಲೆ ತಗ್ಗಿಸಿಕೊಂಡು, ಹಿತ್ತಲ ಕಟ್ಟೆಯ ಮೇಲೆ ಕೂತು.

ಬೈದರೆ ಅವನು ನಮ್ಮಿಂದ ದೂರವಾಗುತ್ತಿದ್ದ, ವೇಪ್‌ನಿಂದಲ್ಲ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಅವನಿಂದಲೇ ಫೋನ್ ಮಾಡಿಸಿದೆವು. ಬಿಟ್ಟ ಎರಡು ಮೂರನೆಯ ದಿನ ಚಡಪಡಿಕೆ ತಾರಕಕ್ಕೇರುತ್ತದೆ, ಆಮೇಲೆ ವಾರಗಟ್ಟಲೆ ನಿಧಾನಕ್ಕೆ ಇಳಿಯುತ್ತದೆ ಎಂದು ನಾನೂ ಮೊದಲೇ ಹೇಳಿಟ್ಟಿದ್ದೆ. ಮೂರನೆಯ ರಾತ್ರಿ ಎರಡು ಗಂಟೆಗೆ ನನ್ನ ಫೋನ್ ಹೊಡೆದುಕೊಂಡಿತು. "ಮಾವ, ಮಲಗೋಕೆ ಆಗ್ತಿಲ್ಲ. ಏನಾದ್ರೂ ಮಾತಾಡ್ತಾ ಇರಿ," ಎಂದ. ಅದೇ ಹೊತ್ತಿಗೆ ಬ್ಯಾಟರಿ ಹಿಡಿದು ಬ್ಯಾರನ್ ಕಡೆ ನಡೆಯುತ್ತಿದ್ದ ಅವನ ತಾತನ ಕತೆ ಹೇಳತೊಡಗಿದೆ. ನಾಲ್ಕೂಕಾಲಿಗೆ ಆ ಕಡೆಯಿಂದ ಗೊರಕೆ ಕೇಳಿಸಿತು.