‘ಎಲ್ಲೈತೋ ಗೊತ್ತಿಲ್ಲ’ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನು?



ಈ ತಿಂಗಳ ಗೋಡೆ ಪತ್ರಿಕೆಗೆ ಇಂಗ್ಲಿಷ್ ವ್ಯಾಕರಣ ಬರೆಯುತ್ತೇನೆ ಎಂದಾಗ ಹಿಂದಿನ ಬೆಂಚಿನವರು “ಅದನ್ನ ಯಾರ್ ಓದ್ತಾರೆ?” ಅಂದರು. ಇದರಲ್ಲಿ ಆನೆಯೂ ಬರುತ್ತೆ, ಅದಕ್ಕಾದರೂ ಓದಿ.

ನಮ್ಮ ಅಮ್ಮ ಓದುವಾಗ ಐದನೇ ತರಗತಿಗೆ ಬಂದ ಮೇಲೆ ಎಬಿಸಿಡಿ ಹೇಳಿಕೊಡುತ್ತಿದ್ದರಂತೆ. 2007ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು. ಹಾಗಾಗಿ ವೇರ್, ವಾಟ್, ವೆನ್, ಹೂ, ವೈ, ಹೌ ಎಲ್ಲಾ ನಮಗೆ ಗೊತ್ತು. ಕಷ್ಟ ಇರುವುದು ಪದದಲ್ಲಲ್ಲ. ಈ ಪದಗಳು ಬಂದ ಕೂಡಲೇ ಅದು ಪ್ರಶ್ನೆಯೇ ಅಂದುಕೊಳ್ಳುತ್ತೇವಲ್ಲ, ಅದರಲ್ಲಿ.

ಮೊದಲು ಕನ್ನಡವನ್ನೇ ನೋಡೋಣ.

“ಬಸ್ ಎಲ್ಲೈತೆ?” ಇದು ಪ್ರಶ್ನೆ. ಕೇಳಿದವರಿಗೆ ಉತ್ತರ ಬೇಕು.

“ಬಸ್ ಎಲ್ಲೈತೋ ಗೊತ್ತಿಲ್ಲ.” ಇದರಲ್ಲೂ ‘ಎಲ್ಲಿ’ ಇದೆ. ಆದರೆ ಇದು ಪ್ರಶ್ನೆಯಲ್ಲ, ಯಾರೂ ಉತ್ತರ ಕೊಡಬೇಕಾಗಿಲ್ಲ. ಬದಲಾದದ್ದು ಏನು? ‘ಐತೆ’ ಹೋಗಿ ‘ಐತೋ’ ಆಯಿತು, ಅಷ್ಟೇ. ಪುಸ್ತಕದ ಭಾಷೆಯಲ್ಲಾದರೆ ‘ಇದೆ’ ಹೋಗಿ ‘ಇದೆಯೋ’ ಆಗುತ್ತೆ. ಕೊನೆಯಲ್ಲಿ ಒಂದು ‘ಓ’ ಸೇರಿದ್ದಕ್ಕೆ ಇಡೀ ಪ್ರಶ್ನೆ ದೊಡ್ಡ ವಾಕ್ಯದ ಒಳಗೆ ಹೋಗಿ ಕುಳಿತುಬಿಟ್ಟಿತು. ಈಗ ಆ ಭಾಗವನ್ನು ತೆಗೆದು ‘ಅದು’ ಎಂದು ಹಾಕಿ ನೋಡಿ. “ಅದು ಗೊತ್ತಿಲ್ಲ.” ಸರಿಯಾಗಿ ಕೂರುತ್ತದೆ. ಒಂದು ನಾಮಪದ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ವಾಕ್ಯವೇ ಕುಳಿತಿದೆ. ಇದಕ್ಕೆ ಇಂಗ್ಲಿಷಿನಲ್ಲಿ ನೌನ್ ಕ್ಲಾಸ್ ಎನ್ನುತ್ತಾರೆ. (ನಾವು ಕೂರುವ ಏಳನೇ ಕ್ಲಾಸ್ ಬೇರೆ, ಇದು ಬೇರೆ. ಕನ್ನಡದಲ್ಲಿ ಬರೆದಾಗ ಮಾತ್ರ ಎರಡೂ ಒಂದೇ ಥರ ಕಾಣುತ್ತೆ.) ನಾನು ಇಲ್ಲಿ ನಾಮವಾಕ್ಯ ಎಂದು ಬರೆಯುತ್ತೇನೆ.

ಇಂಗ್ಲಿಷಿನವರ ಹತ್ತಿರ ನಮ್ಮ ‘ಓ’ ಇಲ್ಲ. ಅವರು ಪದಗಳ ಜಾಗ ಬದಲಾಯಿಸುತ್ತಾರೆ.

“ವೇರ್ ಈಸ್ ದಿ ಬಸ್?” ಇಲ್ಲಿ ‘ಈಸ್’ ಎಂಬ ಕ್ರಿಯಾಪದ ‘ಬಸ್’ ಎಂಬ ಕರ್ತೃವಿಗಿಂತ ಮುಂದೆ ಹಾರಿ ಕುಳಿತಿದೆ. ಹಾಗೆ ಹಾರಿದ್ದೇ ಪ್ರಶ್ನೆಯ ಗುರುತು. ನಾಮವಾಕ್ಯ ಮಾಡುವಾಗ ಅದು ಇಳಿದು ತನ್ನ ಜಾಗಕ್ಕೆ ವಾಪಸ್ ಹೋಗಬೇಕು. “ಐ ಡೋಂಟ್ ನೋ ವೇರ್ ದಿ ಬಸ್ ಈಸ್.” ಮೊದಲು ಪ್ರಶ್ನೆಯ ಪದ, ಆಮೇಲೆ ಕರ್ತೃ, ಆಮೇಲೆ ಕ್ರಿಯಾಪದ. ನೀವು ಗಮನಿಸಿದಿರಾ, ‘ಈಸ್’ ಕೊನೆಗೆ ಬಂತು. ನಮ್ಮ ‘ಐತೋ’ ಕೂಡ ಆ ಭಾಗದ ಕೊನೆಯಲ್ಲೇ ಇದೆ!

ಇದು ಬರೀ ಪರೀಕ್ಷೆಯ ಎರಡು ಅಂಕದ ವಿಷಯ ಎಂದು ತಿಳಿಯಬೇಡಿ. ಹೋದ ವರ್ಷ ಕಾಫಿ ಕುಯ್ಲಿನ ಸಮಯದಲ್ಲಿ, ಅಪ್ಪ ಕೆಲಸಕ್ಕೆ ಹೋಗುವ ತೋಟದ ಹತ್ತಿರದ ಒಂದು ಹೋಂಸ್ಟೇಗೆ ದೂರದ ರಾಜ್ಯದವರು ಬಂದಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಸಂಜೆ ಕತ್ತಲಾಗುವ ಹೊತ್ತಿಗೆ ಕೆರೆ ಕಡೆ ನಡೆದುಕೊಂಡು ಹೊರಟರು. ಅವತ್ತು ಬೆಳಗ್ಗೆ ಆನೆ ಹಿಂಡು ತೋಟಕ್ಕೆ ಇಳಿದಿತ್ತು. ಆಮೇಲೆ ಎಲ್ಲಿ ಹೋದವೋ ಯಾರಿಗೂ ಗೊತ್ತಿರಲಿಲ್ಲ. ಅಪ್ಪ “ಹೋಗಿ ಹೇಳ್ರೋ ಅವರಿಗೆ” ಎಂದು ನನ್ನನ್ನೂ ತಮ್ಮನನ್ನೂ ಓಡಿಸಿದರು. ತಮ್ಮ ನಾಲ್ಕನೇ ತರಗತಿ, ಓಟದಲ್ಲಿ ನನಗಿಂತ ಮುಂದೆ. ಅವನು ಏದುಸಿರು ಬಿಡುತ್ತಾ “ವೇರ್ ಆರ್ ದಿ ಎಲಿಫೆಂಟ್ಸ್! ವೇರ್ ಆರ್ ದಿ ಎಲಿಫೆಂಟ್ಸ್!” ಎಂದು ಕೂಗಿದ. ಅವರು ನಕ್ಕರು. ಈ ಹುಡುಗನಿಗೂ ಆನೆ ನೋಡುವ ಆಸೆ ಎಂದುಕೊಂಡು, ನೀನೂ ಬಾ ಅಂತ ಕೈ ಬೀಸಿ ಮುಂದೆ ಹೋದರು! ನಾನು ಹಿಂದಿನಿಂದ ಹೋಗಿ “ಎಲಿಫೆಂಟ್ಸ್ ಕೇಮ್ ಟುಡೇ. ವೀ ಡೋಂಟ್ ನೋ ವೇರ್ ದೇ ಆರ್. ಪ್ಲೀಸ್ ಗೋ ಬ್ಯಾಕ್” ಎಂದೆ. ತಕ್ಷಣ ನಿಂತರು, ಹಿಂದಕ್ಕೆ ತಿರುಗಿದರು. ‘ವೇರ್ ಆರ್ ದೇ’ ಎಂದರೆ ಕೇಳಿದ ಹಾಗೆ. ‘ವೇರ್ ದೇ ಆರ್’ ಎಂದರೆ ಹೇಳಿದ ಹಾಗೆ.

ಇನ್ನು ‘ಡು, ಡಸ್, ಡಿಡ್’ ಬರುವ ಪ್ರಶ್ನೆಗಳು. ಮೈಸೂರು ದಸರಾದಲ್ಲಿ 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಅರ್ಜುನ ನಿಮಗೆಲ್ಲಾ ಗೊತ್ತು. 2023ರ ಡಿಸೆಂಬರ್ 4ರಂದು ನಮ್ಮ ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಕಾಡಾನೆಯೊಂದಿಗೆ ಕಾದಾಡಿ ಅವನು ಸತ್ತ. ಪ್ರಶ್ನೆ ಹೀಗೆ: “ವೇರ್ ಡಿಡ್ ಅರ್ಜುನ ಡೈ?” ಇಲ್ಲಿ ‘ಡಿಡ್’ ಬಂದು ಭೂತಕಾಲವನ್ನು ತಾನು ಹೊತ್ತುಕೊಂಡಿದೆ, ಅದಕ್ಕೇ ‘ಡೈ’ ಬರಿಗೈಯಲ್ಲಿ ನಿಂತಿದೆ. ನಾಮವಾಕ್ಯದಲ್ಲಿ ‘ಡಿಡ್’ಗೆ ಕೆಲಸವಿಲ್ಲ. ಹೋಗುವಾಗ ಭೂತಕಾಲವನ್ನು ವಾಪಸ್ ಕೊಟ್ಟು ಹೋಗುತ್ತದೆ. “ಐ ನೋ ವೇರ್ ಅರ್ಜುನ ಡೈಡ್.” ‘ಡಸ್’ ಹೋಗುವಾಗಲೂ ಹಾಗೇ, ಕ್ರಿಯಾಪದಕ್ಕೆ ‘ಸ್’ ಕೊಟ್ಟು ಹೋಗುತ್ತದೆ.

ಏನೂ ಬದಲಾಯಿಸಬಾರದ ಜಾಗವೂ ಒಂದಿದೆ. ಮಂಜರಾಬಾದ್ ಕೋಟೆ ನಕ್ಷತ್ರದ ಆಕಾರದಲ್ಲಿದೆ, 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು. “ಹೂ ಬಿಲ್ಟ್ ದಿಸ್ ಫೋರ್ಟ್?” ಇಲ್ಲಿ ‘ಹೂ’ ಎಂಬುದೇ ಕರ್ತೃ. ಕ್ರಿಯಾಪದ ಎಲ್ಲಿಗೂ ಹಾರಿಲ್ಲ, ಆದ್ದರಿಂದ ಇಳಿಸುವ ಕೆಲಸವೂ ಇಲ್ಲ. “ಐ ನೋ ಹೂ ಬಿಲ್ಟ್ ದಿಸ್ ಫೋರ್ಟ್.”

ಈಗ ನನಗೆ ತುಂಬಾ ಇಷ್ಟವಾದ ಭಾಗ. ಮೇಲಿನ ಎರಡು ವಾಕ್ಯಗಳನ್ನು ಕನ್ನಡಕ್ಕೆ ತಿರುಗಿಸಿ ನೋಡಿ. “ಅರ್ಜುನ ಎಲ್ಲಿ ಸತ್ತನೋ ನನಗೆ ಗೊತ್ತು” ಎಂದು ಯಾರಾದರೂ ಹೇಳುತ್ತಾರಾ? ಇಲ್ಲ. “ಎಲ್ಲಿ ಸತ್ತ ಅಂತ ಗೊತ್ತು” ಎನ್ನುತ್ತೇವೆ. ಗೊತ್ತಿಲ್ಲದಿದ್ದರೆ ‘ಓ’, ಗೊತ್ತಿದ್ದರೆ ‘ಅಂತ’. “ಆನೆ ಎಲ್ಲೈತೋ” ಅನ್ನುವಾಗಲೇ, ವಾಕ್ಯ ಮುಗಿಯುವ ಮೊದಲೇ, ಹೇಳುವವರಿಗೆ ಗೊತ್ತಿಲ್ಲ ಎಂದು ನಮಗೆ ತಿಳಿದುಬಿಡುತ್ತೆ. ನಮ್ಮ ಅಜ್ಜಿ ಬರೀ “ಎಲ್ಲವೋ ಏನೋ” ಎಂದು ನಿಲ್ಲಿಸಿದರೂ ನಾವು ಬಾಗಿಲು ಹಾಕಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ಈ ಭೇದ ಇಲ್ಲ. ಗೊತ್ತಿದ್ದರೂ ‘ವೇರ್ ದೇ ಆರ್’, ಗೊತ್ತಿಲ್ಲದಿದ್ದರೂ ‘ವೇರ್ ದೇ ಆರ್’. ಈ ಒಂದು ವಿಷಯದಲ್ಲಿ ನಮ್ಮ ಭಾಷೆಯೇ ಚುರುಕು ಅನ್ನುವುದು ನನ್ನ ಅಭಿಪ್ರಾಯ.

ಆದರೆ ಇದೇ ‘ಅಂತ’ ನಮಗೆ ಒಂದು ಗುಂಡಿಯನ್ನೂ ತೋಡಿದೆ. ‘ಅಂತ’, ‘ಎಂದು’, ‘ಎಂಬುದು’ ಇವಕ್ಕೆ ಇಂಗ್ಲಿಷಿನಲ್ಲಿ ‘ದಟ್’ ಎಂದು ಕಲಿತಿದ್ದೇವೆ. ಅದಕ್ಕೆ “ಎಲ್ಲಿದೆ ಅಂತ ಗೊತ್ತು” ಎನ್ನಲು ‘ಐ ನೋ ದಟ್ ವೇರ್ ಇಟ್ ಈಸ್’ ಎಂದು ಬರೆಯುವವರು ಬಹಳ. ಅದು ತಪ್ಪು. ಪ್ರಶ್ನೆಯ ಪದ ಬಂದರೆ ‘ದಟ್’ ಬೇಡ. ಒಂದು ಬಾಗಿಲಿಗೆ ಎರಡು ಬೀಗ ಯಾಕೆ?

ಹೌದು ಅಥವಾ ಇಲ್ಲ ಎಂದು ಉತ್ತರ ಬರುವ ಪ್ರಶ್ನೆಯಾದರೆ ಅದರಲ್ಲಿ ಪ್ರಶ್ನೆಯ ಪದವೇ ಇರುವುದಿಲ್ಲ. ಆಗ ‘ವೆದರ್’ ಅಥವಾ ‘ಇಫ್’ ಸೇರಿಸಬೇಕು. “ಬಸ್ ಬತ್ತದೋ ಇಲ್ವೋ ಗೊತ್ತಿಲ್ಲ” ಎಂದರೆ “ಐ ಡೋಂಟ್ ನೋ ವೆದರ್ ದಿ ಬಸ್ ವಿಲ್ ಕಮ್.” ಈ ‘ವೆದರ್’ಗೂ ಮಳೆ ಬಿಸಿಲಿಗೂ ಸಂಬಂಧವಿಲ್ಲ, ಆದರೆ ನಮ್ಮೂರಿನಲ್ಲಿ ಜುಲೈ ತಿಂಗಳಲ್ಲಿ ಸಂಬಂಧ ಇದ್ದೇ ಇದೆ.

ಕಡೆಯದಾಗಿ, ಇಡೀ ವಾಕ್ಯವೇ ಪ್ರಶ್ನೆಯಾಗಿದ್ದರೂ ಒಳಗಿನ ನಾಮವಾಕ್ಯ ಬದಲಾಗುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಘಾಟಿಯ ರೈಲು ದಾರಿಯಲ್ಲಿ 57 ಸುರಂಗಗಳಿವೆ. ಅದನ್ನು ಕೇಳಬೇಕಾದರೆ “ಡು ಯು ನೋ ಹೌ ಮೆನಿ ಟನೆಲ್ಸ್ ದೇರ್ ಆರ್?” ಎನ್ನಬೇಕು, ‘ಆರ್ ದೇರ್’ ಅಲ್ಲ. ಮುಂದಿನ ‘ಡು ಯು ನೋ’ ಒಂದೇ ಕೇಳುವ ಕೆಲಸ ಮಾಡುತ್ತದೆ. ಬರುವ ಪ್ರವಾಸಿಗರ ಹತ್ತಿರ ಮಾತಾಡುವಾಗ ಹೀಗೆ ಕೇಳಿದರೆ ಮರ್ಯಾದೆಯಾಗಿಯೂ ಕೇಳುತ್ತದೆ.

ಈಗ ನಿಮ್ಮ ಸರದಿ. ಕೆಳಗಿನ ಮೂರು ಪ್ರಶ್ನೆಗಳ ಹಿಂದೆ ‘ಐ ಡೋಂಟ್ ನೋ’ ಸೇರಿಸಿ ಬರೆಯಿರಿ. ಶನಿವಾರದೊಳಗೆ ಚೀಟಿಯನ್ನು ಸೀಮೆಸುಣ್ಣದ ಡಬ್ಬಿಯ ಪಕ್ಕ ಇಡಿ. ಒಂದರಲ್ಲಿ ಮೋಸ ಇದೆ, ಹುಷಾರ್!

1. ವೆನ್ ಡಸ್ ದಿ ಬಸ್ ಕಮ್?
2. ಹೌ ಡೀಪ್ ಈಸ್ ದಿ ಹೇಮಾವತಿ?
3. ಹೂ ರಿಂಗ್ಸ್ ದಿ ಬೆಲ್?