ಕುದುರೆ ವೈದ್ಯವೃತ್ತಿ: ಅನುಕೂಲವೇನು, ತೊಡಕೇನು?

ಮಕ್ಕಳನ್ನು ಕುದುರೆ ವೈದ್ಯಕ್ಕೆ ಹಾಕಬಹುದೇ ಎಂದು ವಾಚನಾಲಯದ ಬಂಧುಗಳು ಕೇಳುತ್ತಿರುವುದರಿಂದ ನಾವು ತಿಳಿದಷ್ಟನ್ನು ಬರೆದಿದ್ದೇವೆ.

ನಮ್ಮ ದೇಶದಲ್ಲಿ ಕುದುರೆಗೆಂದೇ ಬೇರೆ ಪದವಿಯಿಲ್ಲ. ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ಓದಿ, ಐದೂವರೆ ವರ್ಷದ ಪಶುವೈದ್ಯ ಪದವಿ ಪಡೆಯಬೇಕು. ನಮ್ಮ ಮುಂಬಯಿಯ ಪರೇಲಿನ ಕಾಲೇಜು 1886ರಿಂದ ನಡೆದು ಬಂದಿದೆ; ಊರ ಕಡೆ ಹೆಬ್ಬಾಳ, ಬೀದರಗಳಲ್ಲಿಯೂ ಕಾಲೇಜುಗಳುಂಟು.

ಅನುಕೂಲಗಳು: ಮಹಾಲಕ್ಷ್ಮಿ, ಪುಣೆಗಳ ರೇಸ್ ಲಾಯಗಳು, ತಳಿ ಬೆಳೆಸುವ ಸ್ಟಡ್ ಫಾರ್ಮುಗಳು, ಸೈನ್ಯದ ರಿಮೌಂಟ್ ಮತ್ತು ವೆಟರ್ನರಿ ದಳ. ಕೈಗುಣವಿದ್ದವರಿಗೆ ಇಲ್ಲೆಲ್ಲ ಮರ್ಯಾದೆಯಿದೆ.

ತೊಡಕುಗಳೂ ಸಣ್ಣವಲ್ಲ. ಕುದುರೆ ವಾಂತಿ ಮಾಡಲಾರದು. ಹೊಟ್ಟೆಶೂಲೆಯಲ್ಲಿ ಜಠರ ಉಬ್ಬಿ ಒಡೆದೀತು. ನಡುರಾತ್ರಿಯಾದರೂ ವೈದ್ಯರು ಓಡಿ, ಮೂಗಿನಿಂದ ನಳಿಗೆ ಇಳಿಸಬೇಕು. ನಾನೂರೈವತ್ತು ಕಿಲೋ ತೂಕದ ಪ್ರಾಣಿ ನೋವಿನಲ್ಲಿ ಒದ್ದರೆ ಎಲುಬು ಉಳಿಯದು. ಗ್ಲ್ಯಾಂಡರ್ಸ್ ರೋಗ ಮನುಷ್ಯರಿಗೂ ಅಂಟುತ್ತದೆ. ಅದು ಖಚಿತವಾದ ಕುದುರೆಯನ್ನು ಕೊಲ್ಲಲೇಬೇಕು. ಉಳಿಸಲು ಕಲಿತ ಕೈಗೆ ಅದೇ ಕಠಿಣ.

ಹುದ್ದೆಗಳು ಕೆಲವೇ. ಆದರೆ ಪದವಿ ಒಂದೇ ಆದ್ದರಿಂದ ಕುದುರೆ ಸಿಗದಿದ್ದರೂ ಎಮ್ಮೆ, ಎತ್ತು, ಕೋಳಿ, ನಾಯಿಗಳ ವೈದ್ಯ ಅನ್ನ ಕೊಡುತ್ತದೆ. ಎಮ್ಮೆಗೆ ಮದ್ದು ಮಾಡಲೂ ಒಪ್ಪುವ ಮಗುವನ್ನಷ್ಟೇ ಕಳಿಸಿರಿ. ಕುದುರೆಯ ಓಟ ನೋಡಿ ಮನಸೋತವರು ಮೊದಲು ಒಂದು ಬೆಳಿಗ್ಗೆ ಪರೇಲಿನ ಪ್ರಾಣಿಗಳ ಆಸ್ಪತ್ರೆಯನ್ನು ನೋಡಿ ಬರಲಿ. ಫೀ ಕಟ್ಟುವುದು ಆಮೇಲೆ.